ಕರೆಂಟ್ ಕೊಡಿಸಿದರೆ ಫಿಟ್ಸ್ ಬರುತ್ತದೆಯೇ?

ಶಿಡ್ಲಘಟ್ಟದಲ್ಲಿರುವ ನಮ್ಮ ಸೋದರತ್ತೆ ತೀವ್ರ ಖಿನ್ನತೆಯಿಂದ ಅನ್ನ ನೀರು ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಾಗ, ಬೆಂಗಳೂರಿನ ವೈದ್ಯರು ಇಸಿಟಿ, ಅಂದರೆ ಊರವರ ಮಾತಿನಲ್ಲಿ ಕರೆಂಟ್ ಕೊಡುವ ಚಿಕಿತ್ಸೆಯನ್ನು ಸೂಚಿಸಿದರು. ನಾಲ್ಕನೆಯ ಸಲ ಮುಗಿಯುವ ಹೊತ್ತಿಗೆ ಅವರು ತಾವಾಗಿ ಎದ್ದು ಕುಳಿತು ಕಾಫಿ ಕೇಳಿದರು. ಅದೇ ವಾರ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಪರಿಚಯದವರೊಬ್ಬರು ಮಾವನನ್ನು ತಡೆದು, "ಹಿಂಗೇ ಕರೆಂಟ್ ಕೊಡಿಸ್ತಾ ಹೋದ್ರೆ ಫಿಟ್ಸ್ ಕಾಯಿಲೆನೇ ಅಂಟ್ಕೊಳ್ಳುತ್ತೆ, ನಿಲ್ಲಿಸಿಬಿಡಣ್ಣ" ಎಂದರಂತೆ. ಚಿಂತಾಮಣಿಯಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿರುವ ನನಗೆ ಆ ರಾತ್ರಿಯೇ ಮಾವನ ಫೋನ್ ಬಂತು.

ಆ ಅನುಮಾನ ಮೂಢನಂಬಿಕೆಯಲ್ಲ. ಈ ಚಿಕಿತ್ಸೆಯಲ್ಲಿ ಗುಣ ಕೊಡುವುದು ಕರೆಂಟಲ್ಲ, ಅದು ಮಿದುಳಿನಲ್ಲಿ ಹುಟ್ಟಿಸುವ ಸೆಳವು, ಅಂದರೆ ಫಿಟ್ಸ್. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಇದನ್ನು ಆರಂಭಿಸಿದಾಗಲೂ ಉದ್ದೇಶ ಅದೇ ಆಗಿತ್ತು. ಇನ್ನು 1960ರ ದಶಕದಲ್ಲಿ ಗ್ರಹಾಂ ಗೊಡ್ಡಾರ್ಡ್ ಎಂಬ ವಿಜ್ಞಾನಿ, ಇಲಿಗಳ ಮಿದುಳಿನೊಳಗೆ ತಂತಿ ಇಳಿಸಿ ದಿನವೂ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿದಾಗ, ಮೊದಮೊದಲು ಏನೂ ಆಗದಿದ್ದ ಇಲಿಗಳಿಗೆ ಕ್ರಮೇಣ ಅಷ್ಟೇ ವಿದ್ಯುತ್ತಿಗೆ ಪೂರ್ಣ ಪ್ರಮಾಣದ ಸೆಳವು ಬರತೊಡಗಿದ್ದನ್ನು ತೋರಿಸಿದರು. ಕಿಂಡ್ಲಿಂಗ್ ಎಂದು ಕರೆಯಲಾಗುವ ಈ ಪ್ರಯೋಗವನ್ನು ಓದಿದವರಿಗೂ ಮಾರುಕಟ್ಟೆಯ ಆ ಮನುಷ್ಯನ ಭಯವೇ ಮೂಡುತ್ತದೆ.

ಆದರೆ ಇಸಿಟಿ ಪಡೆದವರಲ್ಲಿ ಕಾಣುವುದು ಬಹುಮಟ್ಟಿಗೆ ಇದರ ತಿರುವುಮುರುವು. ಒಂದೊಂದೇ ಸಲ ಮುಗಿದಂತೆ, ಸೆಳವು ಹುಟ್ಟಲು ಬೇಕಾದ ಕನಿಷ್ಠ ವಿದ್ಯುತ್ತಿನ ಪ್ರಮಾಣ ಸಾಮಾನ್ಯವಾಗಿ ಏರುತ್ತದೆ, ಸೆಳವಿನ ಅವಧಿ ಕುಗ್ಗುತ್ತದೆ, ಆದ್ದರಿಂದಲೇ ವೈದ್ಯರು ನಡುವೆ ಡೋಸ್ ಹೆಚ್ಚಿಸಬೇಕಾಗುತ್ತದೆ. ಎದ್ದ ಸೆಳವನ್ನು ಅಡಗಿಸಲು ಮಿದುಳು ತನ್ನದೇ ಕಡಿವಾಣ ಬಿಗಿಯುತ್ತದೆ, ಆ ಬಿಗಿತವೇ ಚಿಕಿತ್ಸೆಯ ಗುಣಕ್ಕೂ ಕಾರಣವಿರಬಹುದು ಎಂಬ ವಾದವೂ ಇದೆ. ಯಾವ ಔಷಧಕ್ಕೂ ನಿಲ್ಲದ ಸತತ ಸೆಳವನ್ನು ನಿಲ್ಲಿಸಲು ಕೊನೆಯ ಉಪಾಯವಾಗಿ ಇಸಿಟಿಯನ್ನೇ ಬಳಸಿದ ಉದಾಹರಣೆಗಳಿವೆ ಎಂದಾಗ ಮಾವ ಫೋನಿನಲ್ಲಿ ತುಸು ಹೊತ್ತು ಮಾತಾಡಲಿಲ್ಲ.

ಅಪಾಯವೇ ಇಲ್ಲವೆಂದು ನಾನು ಹೇಳಲಿಲ್ಲ. ಅಪರೂಪಕ್ಕೆ ಸೆಳವು ಬೇಗ ನಿಲ್ಲದೆ ಔಷಧ ಕೊಟ್ಟು ನಿಲ್ಲಿಸಬೇಕಾಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ತಾನಾಗಿ ಮತ್ತೊಂದು ಬರುವುದೂ ಉಂಟು. ಚಿಂತಿಸಬೇಕಾದ ತೊಂದರೆ ಬೇರೆಯದು, ಅದು ಮರೆವು. ಅತ್ತೆಗೆ ಆಸ್ಪತ್ರೆ ಸೇರಿದ ದಿನಗಳ ನೆನಪು ಇಂದಿಗೂ ಚದುರಿಹೋಗಿದೆ, ಕೆಲವರಿಗೆ ಅದಕ್ಕೂ ಹಿಂದಿನ ನೆನಪುಗಳು ಹೋಗುತ್ತವೆ, ಎಲ್ಲವೂ ಮರಳುವುದಿಲ್ಲ. ಅದರ ಬಗ್ಗೆ ಊರಿನಲ್ಲಿ ಒಬ್ಬರೂ ಕೇಳಲಿಲ್ಲ! ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ ಎಂಬುದೂ ಹೆಚ್ಚಿನವರಿಗೆ ತಿಳಿದಿಲ್ಲ. ಅವರ ಕಣ್ಣಮುಂದಿರುವುದು ಹಳೆಯ ಸಿನಿಮಾಗಳಲ್ಲಿ ಮಂಚಕ್ಕೆ ಕಟ್ಟಿಹಾಕಿದ ರೋಗಿಯೇ.

ಫೋನ್ ಇಡುವ ಮುನ್ನ ನಾನು ಮಾವನನ್ನು ಕೇಳಿದ್ದು ಅತ್ತೆಯ ಉಬ್ಬಸದ ಮಾತ್ರೆಯ ಬಗ್ಗೆ. ವರ್ಷಗಳಿಂದ ಅವರು ನುಂಗುತ್ತಿದ್ದ ಆ ಮಾತ್ರೆಯಲ್ಲಿ ಥಿಯೋಫಿಲಿನ್ ಇತ್ತು, ಇಸಿಟಿಯ ಸೆಳವನ್ನು ಅಪಾಯವಾಗುವಷ್ಟು ಉದ್ದ ಮಾಡಬಲ್ಲ ಔಷಧ ಅದು. ಬೆಂಗಳೂರಿನಲ್ಲಿ ಬೇರೆ ಮಾತ್ರೆಗಳ ಬಗ್ಗೆ ವಿಚಾರಿಸಿದಾಗ, "ಉಬ್ಬಸದ್ದು ತಾನೇ, ಅದ್ಯಾಕೆ ಹೇಳೋದು" ಎಂದು ಮಾವ ಬಿಟ್ಟುಬಿಟ್ಟಿದ್ದರಂತೆ. ಐದನೆಯ ಸಲಕ್ಕೆ ಹೋಗುವಾಗ ಆ ಮಾತ್ರೆಯ ಹಾಳೆಯನ್ನೇ ಜೇಬಿನಲ್ಲಿಟ್ಟುಕೊಂಡು ಹೋದರು, ವೈದ್ಯರು ನೋಡಿ ಬದಲಿಸಿಕೊಟ್ಟರು.