ಮಾಸ್ಕ್ ಹಾಕಿಕೊಂಡು ಮಲಗುವ ಡ್ರೈವರ್

ನನ್ನ ಗೊರಕೆ ಕೇಳಿ 20 ವರ್ಷದಿಂದ ಎಲ್ಲರೂ ನಕ್ಕಿದ್ದಾರೆ. ನಾನೂ ನಕ್ಕಿದ್ದೇನೆ. ನಾನು ಕ್ಯಾಬಿನ್‌ನಲ್ಲಿ ಮಲಗಿದರೆ ಪಕ್ಕದ ಗಾಡಿಯವನಿಗೆ ಎಂಜಿನ್ ಸ್ಟಾರ್ಟ್ ಆಗಿದೆಯೇನೋ ಅನಿಸುತ್ತದಂತೆ. ಗೊರಕೆ ಹೊಡೆಯುವವನು ಪುಣ್ಯವಂತ, ಹಾಸಿಗೆಗೆ ತಲೆ ಕೊಟ್ಟ ತಕ್ಷಣ ನಿದ್ದೆ ಅಂತ ನಾವೆಲ್ಲ ನಂಬಿದ್ದೆವು.

ನನ್ನ ಸೆಕೆಂಡ್ ಡ್ರೈವರ್ ಮಾತ್ರ ನಗಲಿಲ್ಲ. ಒಂದು ಬೆಳಿಗ್ಗೆ ಮೊಬೈಲ್ ಮುಂದೆ ಹಿಡಿದು, "ಅಣ್ಣಾ, ಇದನ್ನ ಒಂದ್ಸಲ ಕೇಳಿ" ಅಂದ. ರಾತ್ರಿ ರೆಕಾರ್ಡ್ ಮಾಡಿದ್ದ. ಗೊರಕೆ, ಗೊರಕೆ, ಆಮೇಲೆ ಪೂರ್ತಿ ಮೌನ. ನಾನು ಸುಮ್ನೆ ಎಣಿಸುತ್ತಾ ಹೋದೆ. 27 ಸೆಕೆಂಡ್ ಆದಮೇಲೆ ನೀರಿನಿಂದ ಮೇಲೆ ಬಂದವನ ಹಾಗೆ ಒಂದು ಜೋರು ಉಸಿರು. ಮತ್ತೆ ಗೊರಕೆ. ಆ ಮೌನ ಕೇಳಿದ ಮೇಲೆ ನನಗೆ ಆ ದಿನ ತಿಂಡಿ ಸೇರಲಿಲ್ಲ.

ಇದಕ್ಕೆ ಸ್ಲೀಪ್ ಅಪ್ನಿಯಾ ಅನ್ನುತ್ತಾರೆ. ನಿದ್ದೆ ಬಂದಾಗ ಗಂಟಲಿನ ಮಾಂಸ ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಗಾಳಿ ಎಳೆಯಲು ಒದ್ದಾಡುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ತಟ್ಟಿ ಎಬ್ಬಿಸುತ್ತದೆ. ಪೂರ್ತಿ ಎಚ್ಚರ ಆಗುವುದಿಲ್ಲ, ಅದಕ್ಕೇ ಬೆಳಿಗ್ಗೆ ನಮಗೇನೂ ನೆನಪಿರಲ್ಲ. 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಉಸಿರು ನಿಂತರೆ ಒಂದು ಸಲ ಅಂತ ಲೆಕ್ಕ. ಉಸಿರು ಅರ್ಧಂಬರ್ಧ ಆಗಿದ್ದನ್ನೂ ಇದರ ಜೊತೆ ಕೂಡಿಸುತ್ತಾರೆ. ಗಂಟೆಗೆ 5 ಸಲದ ಒಳಗಿದ್ದರೆ ಪರವಾಗಿಲ್ಲ, 30 ಮತ್ತು ಅದಕ್ಕೆ ಮೇಲೆ ಅಂದರೆ ತೀವ್ರ. ನಿದ್ದೆಯ ಪರೀಕ್ಷೆಯಲ್ಲಿ ನನ್ನದು ಗಂಟೆಗೆ 41 ಬಂತು. ಅಂದರೆ ಸುಮಾರು ಒಂದೂವರೆ ನಿಮಿಷಕ್ಕೊಮ್ಮೆ ನನ್ನನ್ನು ಯಾರೋ ಅಲ್ಲಾಡಿಸಿ ಎಬ್ಬಿಸಿದ ಹಾಗೆ, ರಾತ್ರಿಯಿಡೀ. ಎಂಟು ಗಂಟೆ ಮಲಗಿದ್ದೆ ಅಂತ ಲಾಗ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಬರೆದದ್ದು ಸುಳ್ಳಲ್ಲ, ಮಲಗಿದ್ದು ನಿಜ.

ಸೂಚನೆಗಳು ಮೊದಲೇ ಇದ್ದವು. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ. ಎರಡು ಥರ ಮಾತ್ರೆ ತಿಂದರೂ ಇಳಿಯದ ಬಿಪಿ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಿದ್ದೆ, ಶುಗರ್ ಇರಬೇಕು ಅಂದುಕೊಂಡಿದ್ದೆ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದೆ.

ಈಗ ನಾಚಿಕೆಯ ವಿಷಯ. ಎರಡು ವರ್ಷ ಮೊದಲೇ ಒಬ್ಬ ಡಾಕ್ಟರು ನನಗೆ ಹಗಲಿನ ತೂಕಡಿಕೆ ಅಳೆಯುವ ಎಪ್‌ವರ್ತ್ ಪ್ರಶ್ನೆಪತ್ರ ಕೊಟ್ಟಿದ್ದರು. ಮೆಲ್ಬರ್ನ್‌ನ ಮರ್ರೆ ಜಾನ್ಸ್ ಅನ್ನುವ ವೈದ್ಯರು 1991ರಲ್ಲಿ ಪ್ರಕಟಿಸಿದ್ದು. ಎಂಟು ಪ್ರಶ್ನೆ, ಒಟ್ಟು 24 ಅಂಕ. ಟಿವಿ ನೋಡುವಾಗ ತೂಕಡಿಕೆ ಬರುತ್ತಾ, ಊಟ ಆದಮೇಲೆ ಸುಮ್ಮನೆ ಕೂತರೆ ಬರುತ್ತಾ, ಟ್ರಾಫಿಕ್‌ನಲ್ಲಿ ಗಾಡಿ ನಿಂತಾಗ ಬರುತ್ತಾ, ಹೀಗೆ. 10 ದಾಟಿದರೆ ಯೋಚಿಸಬೇಕು. ನಾನು ಲೆಕ್ಕ ಹಾಕಿ 5 ಬರುವ ಹಾಗೆ ತುಂಬಿದೆ. ಟ್ರಾಫಿಕ್‌ನ ಆ ಕೊನೆಯ ಪ್ರಶ್ನೆಗೆ ದೊಡ್ಡ ಸೊನ್ನೆ. ಯಾವ ಡ್ರೈವರ್ ತಾನೇ ಅಲ್ಲಿ ನಿಜ ಬರೆಯುತ್ತಾನೆ? ನಿಜ ಬರೆದರೆ ನಾಳೆಯಿಂದ ಸ್ಟೇರಿಂಗ್ ಇಲ್ಲ ಅನ್ನುವ ಭಯ. ಈ ಪತ್ರ ಒಳ್ಳೆಯದೇ, ಆದರೆ ಕೆಲಸ ಕಳೆದುಕೊಳ್ಳುವ ಭಯ ಇರುವವನ ಕೈಗೆ ಅದೊಂದನ್ನೇ ಕೊಟ್ಟು ನಂಬುವುದು ಮೂರ್ಖತನ. ಕತ್ತಿನ ಸುತ್ತಳತೆ, ತೂಕ, ಬಿಪಿ ಸುಳ್ಳು ಹೇಳುವುದಿಲ್ಲ. ಅವನ್ನು ನೋಡಿ ಪರೀಕ್ಷೆಗೆ ಕಳಿಸಿ.

ಗಾಡಿ 80 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಸುಮಾರು 90 ಮೀಟರ್. ಆ 90 ಮೀಟರ್ ಗಾಡಿಯನ್ನು ಯಾರೂ ಓಡಿಸುತ್ತಿರುವುದಿಲ್ಲ. ಕಿಟಕಿ ತೆಗೆಯುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರು, ಕಾಫಿ ಮೇಲೆ ಕಾಫಿ, ಎಲ್ಲ ಮಾಡಿದ್ದೇನೆ. ಕಾಫಿ ಸ್ವಲ್ಪ ಹೊತ್ತು ಎಳೆಯುತ್ತದೆ, ಉಳಿದದ್ದೆಲ್ಲ ನಮಗೆ ನಾವೇ ಮಾಡಿಕೊಳ್ಳುವ ಮೋಸ. ಒಮ್ಮೆ ಗಾಡಿ ರಸ್ತೆ ಅಂಚಿನ ಉಬ್ಬುಗೆರೆ ಮೇಲೆ ಹತ್ತಿ ಗಡಗಡ ಅಂದಾಗಲೇ ನನಗೆ ಎಚ್ಚರ ಆಗಿದ್ದು. ಪಕ್ಕದಲ್ಲಿ ಯಾರೂ ಇರಲಿಲ್ಲ. ಅದು ನನ್ನ ಜಾಣತನ ಅಲ್ಲ.

ಚಿಕಿತ್ಸೆಗೆ ಬರೋಣ. ಸಿಪ್ಯಾಪ್ ಅನ್ನುವ ಯಂತ್ರ ಮಾಸ್ಕ್ ಮೂಲಕ ಒತ್ತಡದ ಗಾಳಿ ಊದಿ ಗಂಟಲು ಮುಚ್ಚದ ಹಾಗೆ ತೆರೆದಿಡುತ್ತದೆ. ಸಿಡ್ನಿಯ ಕಾಲಿನ್ ಸುಲಿವಾನ್ 1981ರಲ್ಲಿ ಈ ವಿಧಾನ ಪ್ರಕಟಿಸಿದರು. ಮೊದಮೊದಲು ವ್ಯಾಕ್ಯೂಮ್ ಕ್ಲೀನರ್ ಮೋಟಾರ್ ಬಳಸಿದ್ದರಂತೆ. ನಮ್ಮ ಕಸುಬಿನವರಿಗೆ ಇಷ್ಟ ಆಗುವ ಥರದ ಐಡಿಯಾ ಅಲ್ವಾ? ಟ್ಯೂಬಿಗೆ ಗಾಳಿ ತುಂಬಿದ ಹಾಗೆ.

ಮೊದಲ ವಾರ ನರಕ. ಮುಖಕ್ಕೆ ಏನೋ ಕಟ್ಟಿ ಮಲಗಿಸಿದ ಹಾಗೆ. ಮೂರು ಮಾಸ್ಕ್ ಬದಲಾಯಿಸಿದೆ. ಬಾಯಿ ತೆರೆದು ಮಲಗುವವನಾದ್ದರಿಂದ ಬಾಯಿ ಮೂಗು ಎರಡೂ ಮುಚ್ಚುವುದೇ ಬೇಕಾಯಿತು, ಆದರೆ ಗಡ್ಡದ ಸಂದಿಯಿಂದ ಗಾಳಿ ಸೋರುತ್ತಿತ್ತು. ಗಡ್ಡ ಹೋಯಿತು. ಹಗಲು ಕೂತಿದ್ದಾಗ ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು ಅಭ್ಯಾಸ ಮಾಡಿದ್ದು ಕೈಹಿಡಿಯಿತು.

ಮನೆಯಲ್ಲಿ ಪ್ಲಗ್ ಚುಚ್ಚಿದರೆ ಮುಗಿಯಿತು. ಕ್ಯಾಬಿನ್‌ನಲ್ಲಿ ಅದೇ ದೊಡ್ಡ ತಲೆನೋವು. ಮೊದಲ ರಾತ್ರಿ ಅಗ್ಗದ ಇನ್ವರ್ಟರ್ ಹಾಕಿ, ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಕೂಡ ಆನ್ ಇಟ್ಟು ಮಲಗಿದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಆಮೇಲೆ ಕಲಿತೆ: ಕರೆಂಟ್ ಜಾಸ್ತಿ ಕುಡಿಯುವುದು ನೀರು ಬಿಸಿ ಮಾಡುವ ಭಾಗ, ಗಾಳಿ ಊದುವುದಕ್ಕೆ ಅಷ್ಟು ಬೇಡ. ಈಗ ಗಾಡಿಯಲ್ಲಿ ಅದನ್ನು ಆಫ್ ಮಾಡುತ್ತೇನೆ. ಗಾಡಿಯ ಬ್ಯಾಟರಿ 12 ವೋಲ್ಟೋ 24 ವೋಲ್ಟೋ ನೋಡಿ, ಯಂತ್ರದ ಕಂಪನಿ ಹೇಳಿದ ಡಿಸಿ ಕೇಬಲ್ಲನ್ನೇ ತೆಗೆದುಕೊಂಡೆ. ಪ್ರತ್ಯೇಕ ಬ್ಯಾಟರಿ ಒಂದಿದೆ, ಗಾಡಿ ಓಡುವಾಗ ಚಾರ್ಜ್ ಆಗುತ್ತದೆ. ರಾತ್ರಿಯಿಡೀ ಎಂಜಿನ್ ಓಡಿಸಿ ಮಲಗುವುದು ಬೇಡವೇ ಬೇಡ, ಹೊಗೆ ಒಳಗೆ ಬಂದರೆ ಏಳುವುದೇ ಇಲ್ಲ. ನೀರಿನ ಡಬ್ಬಿ ಬಳಸುವವರು ಹೊರಡುವ ಮೊದಲು ಖಾಲಿ ಮಾಡಿ, ಇಲ್ಲದಿದ್ದರೆ ಕುಲುಕಾಟಕ್ಕೆ ನೀರು ಯಂತ್ರದೊಳಗೆ ಹೋಗುತ್ತದೆ. ಫಿಲ್ಟರ್ ಮನೆಯಲ್ಲಿರುವುದಕ್ಕಿಂತ ಬೇಗ ಕಪ್ಪಾಗುತ್ತದೆ, ರಸ್ತೆ ಧೂಳು.

ತೂಕ ಇಳಿಸಿ ಅನ್ನುತ್ತಾರೆ. ಇಳಿಸಿದರೆ ಉಪಯೋಗ ಖಂಡಿತ ಇದೆ. ಆದರೆ ದಿನಕ್ಕೆ ಹತ್ತು ಗಂಟೆ ಸೀಟಿನಲ್ಲಿ ಕೂರುವವನಿಗೆ ಅದು ವರ್ಷಗಳ ಕೆಲಸ, ಅಲ್ಲಿವರೆಗೆ ಮಾಸ್ಕ್ ಬೇಕು. ಮದ್ಯ ಮತ್ತು ನಿದ್ದೆ ಮಾತ್ರೆ ಗಂಟಲನ್ನು ಇನ್ನೂ ಸಡಿಲ ಮಾಡುತ್ತವೆ, ನಾನು ಎರಡನ್ನೂ ಬಿಟ್ಟಿದ್ದೇನೆ.

ಯಂತ್ರ ಎಲ್ಲ ಬರೆದಿಡುತ್ತದೆ: ಎಷ್ಟು ಗಂಟೆ ಹಾಕಿದೆ, ಎಷ್ಟು ಸೋರಿತು, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು. ನನ್ನದು ಈಗ 3. ಹಲವು ಕಡೆ ರಾತ್ರಿಗೆ ನಾಲ್ಕು ಗಂಟೆಯಂತೆ ನೂರರಲ್ಲಿ 70 ರಾತ್ರಿ ಹಾಕಿದರೆ ಪಾಸ್ ಅನ್ನುತ್ತಾರೆ. ನನ್ನ ಪ್ರಕಾರ ಇದು ಕಡಿಮೆಯಾಯಿತು. ಹಲವರಿಗೆ ಬೆಳಗಿನ ಜಾವದ ನಿದ್ದೆಯಲ್ಲೇ ಉಸಿರು ಜಾಸ್ತಿ ನಿಲ್ಲುವುದು, ಆ ಹೊತ್ತಿಗೆ ಮಾಸ್ಕ್ ಕಿತ್ತಿಟ್ಟರೆ ಏನು ಬಂತು?

ಮಾಲೀಕರಿಗೆ ನಾನು ಹೇಳಬೇಕಾದ್ದು ಇಲ್ಲಿದೆ. ಅಮೆರಿಕದ ಒಂದು ದೊಡ್ಡ ಸಾರಿಗೆ ಕಂಪನಿಯ ಚಾಲಕರ ಮೇಲೆ ಮಾಡಿದ ಅಧ್ಯಯನ 2016ರಲ್ಲಿ ಬಂತು. ಅಪ್ನಿಯಾ ಇದ್ದೂ ಯಂತ್ರ ಮುಟ್ಟದವರಿಂದ ಆದ, ತಪ್ಪಿಸಬಹುದಾಗಿದ್ದ ಗಂಭೀರ ಅಪಘಾತಗಳು ಅಪ್ನಿಯಾ ಇಲ್ಲದ ಚಾಲಕರಿಗೆ ಹೋಲಿಸಿದರೆ ಐದು ಪಟ್ಟು. ಸರಿಯಾಗಿ ಹಾಕಿಕೊಂಡವರು ಉಳಿದ ಚಾಲಕರ ಹಾಗೇ ಇದ್ದರು. ಅಂದಮೇಲೆ ಮಾಸ್ಕ್ ಹಾಕುವವನನ್ನು ಕಂಡು ಹೆದರುವುದು ಯಾಕೆ? ನಾನು ರಿಪೋರ್ಟ್ ತೋರಿಸಿದ ದಿನ ನನ್ನ ಆಗಿನ ಮಾಲೀಕರು "ನೀವು ಸ್ವಲ್ಪ ದಿನ ರೆಸ್ಟ್ ತಗೊಳ್ಳಿ" ಅಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ, ಬೇರೆ ಕಡೆ ಸೇರಿಕೊಂಡೆ. ಅದೇ ಯಾರ್ಡಿನಲ್ಲಿ ಕತ್ತು ದಪ್ಪ ಇರುವ, ಗೋಡೆ ನಡುಗುವ ಹಾಗೆ ಗೊರಕೆ ಹೊಡೆಯುವ ನಾಲ್ವರು ಗಾಡಿ ಓಡಿಸುತ್ತಿದ್ದರು. ಅವರು ಯಾರೂ ಪರೀಕ್ಷೆಗೆ ಹೋಗಿರಲಿಲ್ಲ, ಅಷ್ಟೇ. ಚಿಕಿತ್ಸೆ ಕೂರುವವರೆಗೆ ಕೆಲವು ವಾರ ಯಾರ್ಡಿನಲ್ಲೇ ಬೇರೆ ಕೆಲಸ ಕೊಡಿ, ಯಂತ್ರದ ಲೆಕ್ಕ ನೋಡಿ ಡಾಕ್ಟರು ಸರಿ ಅಂದಮೇಲೆ ಗಾಡಿ ವಾಪಸ್ ಕೊಡಿ. ಇಷ್ಟು ಮಾತು ಬರಹದಲ್ಲಿ ಸಿಕ್ಕರೆ ಅರ್ಧ ಜನ ತಾವಾಗಿಯೇ ಬರುತ್ತಾರೆ.

ಮೊನ್ನೆ ಆ ನಾಲ್ವರಲ್ಲಿ ಒಬ್ಬ ಫೋನ್ ಮಾಡಿದ್ದ. ಯಂತ್ರದ ಬಗ್ಗೆ ಏನೇನೋ ಕೇಳಿದ, ಶಬ್ದ ಜಾಸ್ತಿನಾ, ಬ್ಯಾಟರಿ ಎಷ್ಟು ಬರುತ್ತೆ ಅಂತ. ಕೊನೆಗೆ ದನಿ ತಗ್ಗಿಸಿ, "ಅಣ್ಣಾ, ಟೆಸ್ಟ್ ಮಾಡಿಸಿದ್ರೆ ಯಜಮಾನ್ರಿಗೆ ಗೊತ್ತಾಗುತ್ತಾ?" ಅಂದ. ಹೋಗು, ಮಾಡಿಸು ಅಂದೆ. ಅವನು ಕೇಳಿದ್ದಕ್ಕೆ ಅದು ಉತ್ತರ ಆಗಿರಲಿಲ್ಲ.