ನಾಲ್ಕು ಕನ್ನಡ ಪದ, ನಲವತ್ತು ಸಾವಿರ ವರ್ಷ

ಕಳೆದ ವಾರ ರಾತ್ರಿ ಊಟ ಮುಗಿದ ಮೇಲೆ ಅಮ್ಮನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮೊಬೈಲಿನಲ್ಲಿ ಒಂದು ಹಳೆಯ ಧ್ವನಿಮುದ್ರಣ ಕೇಳಿಸಿದೆ. ಗಂಡಸೊಬ್ಬರ ದನಿ. "ನಮಸ್ತೆ. ಕನ್ನಡಿಗರ ಪರವಾಗಿ ಶುಭಾಶಯಗಳು." ನಾಲ್ಕೇ ಪದ. ಅಮ್ಮ ಮುಂದೇನೋ ಇದೆ ಎಂದು ಸ್ವಲ್ಪ ಹೊತ್ತು ಕಾದರು. ಆಮೇಲೆ, "ಯಾವ ಊರಿನ ರಾಜ್ಯೋತ್ಸವ ಇದು?" ಎಂದರು.

ಅದು ಯಾವ ಊರಿನದೂ ಅಲ್ಲ. 1977ರಲ್ಲಿ ಹಾರಿದ ಅಮೆರಿಕದ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳ ಮೈಗೆ ಬಿಗಿದ, ಚಿನ್ನದ ಲೇಪವಿರುವ ಹನ್ನೆರಡು ಇಂಚಿನ ತಾಮ್ರದ ತಟ್ಟೆಯಲ್ಲಿ ಕೊರೆದ ದನಿ. ಎಂದಾದರೂ, ಎಲ್ಲಿಯಾದರೂ, ಯಾರಿಗಾದರೂ ಸಿಕ್ಕರೆ ಇರಲಿ ಎಂದು 55 ಭಾಷೆಗಳಲ್ಲಿ ಕಳುಹಿಸಿದ ನಮಸ್ಕಾರಗಳಲ್ಲಿ ನಮ್ಮದೂ ಒಂದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಆ ಹೊತ್ತಿಗೆ ಕೈಗೆ ಸಿಕ್ಕ ಮಾತುಗಾರರನ್ನು ಕೂರಿಸಿ ಮುದ್ರಿಸಿದ್ದು. ಪಟ್ಟಿಯಲ್ಲಿ ತೆಲುಗು ಇದೆ, ಮರಾಠಿ ಇದೆ. ತಮಿಳು, ಮಲಯಾಳಂ ಇಲ್ಲ. ಇದನ್ನೇ ಹಿಡಿದು "ನೋಡಿ, ಕನ್ನಡಕ್ಕೆ ಸಿಕ್ಕ ಮನ್ನಣೆ" ಎಂದು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಯಾರಾದರೂ ಬೀಗುತ್ತಾರೆ. ಸ್ವಾಮಿ, ಅದು ಮನ್ನಣೆಯಲ್ಲ, ಅಂದು ಯಾರು ಸಿಕ್ಕರು ಎಂಬ ಲೆಕ್ಕ. ನೆರೆಹೊರೆಯ ಜಗಳವನ್ನು ಸೌರಮಂಡಲದ ಆಚೆಗೂ ಹೊತ್ತುಕೊಂಡು ಹೋಗುವುದು ಬೇಡ.

ನನಗೆ ಕುತೂಹಲವೆನಿಸಿದ್ದು ಬೇರೆ. ಗುಜರಾತಿಯವರು "ದಯವಿಟ್ಟು ಸಂಪರ್ಕಿಸಿ" ಎನ್ನುತ್ತಾರೆ. ವಿಸಿಟಿಂಗ್ ಕಾರ್ಡ್ ಕೊಟ್ಟ ಹಾಗೆ. ರಾಜಸ್ಥಾನಿಯವರದು ನಮ್ಮ ಹಳೆಯ ಕಾಗದಗಳ ಧಾಟಿ: ನಾವಿಲ್ಲಿ ಸುಖವಾಗಿದ್ದೇವೆ, ನೀವೂ ಅಲ್ಲಿ ಸುಖವಾಗಿರಿ. ಉಭಯ ಕುಶಲೋಪರಿ ಸಾಂಪ್ರತ. ಚೀನಾದ ಅಮೋಯ್ ಭಾಷೆಯವರಂತೂ "ಆಕಾಶದ ಗೆಳೆಯರೇ, ಚೆನ್ನಾಗಿದ್ದೀರಾ? ಊಟ ಆಯಿತೇ? ಬಿಡುವಾದಾಗ ಬಂದು ಹೋಗಿ" ಎಂದುಬಿಟ್ಟಿದ್ದಾರೆ. ಊಟ ಆಯಿತೇ ಎಂದು ಕೇಳದೆ ಮಾತೇ ಶುರು ಮಾಡದ ಜನ ನಾವು. ಆ ಪ್ರಶ್ನೆ ನಮ್ಮದಾಗಬೇಕಿತ್ತು! ಮೈಕು ಕಂಡ ಕೂಡಲೇ ನಾವು ವೇದಿಕೆಯ ಕನ್ನಡಕ್ಕೆ ಜಾರುತ್ತೇವೆ, ಏನು ಮಾಡುವುದು.

ಇದೇ ತಟ್ಟೆಯಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಒಬ್ಬಳೇ ಎಲ್ಲಿಗೆ ಹೊರಟೆ ಎಂದು ಕೇಳುವ ಹಾಡು. 1977ರ ಸೆಪ್ಟೆಂಬರ್ 5ರಂದು ವಾಯೇಜರ್-1 ಹೊರಟಿತು; 16ರಂದು ಕೇಸರಬಾಯಿ ತೀರಿಕೊಂಡರು. ಇದರ ಬಗ್ಗೆ ನಾನು ಹೆಚ್ಚೇನೂ ಬರೆಯುವುದಿಲ್ಲ.

ಈಗ ಆ ನೌಕೆ ನಮ್ಮಿಂದ ಸುಮಾರು 2500 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಬೆಳಕಿಗೇ ಅಲ್ಲಿಗೆ ಹೋಗಲು ಹತ್ತಿರ ಹತ್ತಿರ ಒಂದು ದಿನ ಬೇಕು. ಸೆಕೆಂಡಿಗೆ 17 ಕಿಲೋಮೀಟರ್ ವೇಗ ಎಂದರೆ ಬೆಂಗಳೂರಿನಿಂದ ಮೈಸೂರಿಗೆ ಹತ್ತು ಸೆಕೆಂಡೂ ಬೇಡ. ಆ ವೇಗದಲ್ಲಿ ಹೋದರೂ ಗ್ಲೀಸ್ 445 ಎಂಬ ಮಂಕು ನಕ್ಷತ್ರದ ಹತ್ತಿರ ಹಾಯಲು ಇನ್ನು 40,000 ವರ್ಷ. "ಹತ್ತಿರ" ಎಂದರೆ ಒಂದೂವರೆ ಜ್ಯೋತಿರ್ವರ್ಷಕ್ಕೂ ಹೆಚ್ಚಿನ ಅಂತರ. ಬಸ್ಸು ನಿಮ್ಮೂರಿನ ಪಕ್ಕದ ಜಿಲ್ಲೆಯಲ್ಲಿ ಹಾದುಹೋದರೆ ಊರಿಗೆ ಬಸ್ಸು ಬಂತು ಎನ್ನುವಷ್ಟೇ ಅರ್ಥ ಇದಕ್ಕೆ.

ಆ ತಟ್ಟೆ ಯಾರಿಗೂ ಸಿಗಲಾರದು ಎಂಬುದು ಅದನ್ನು ಕಟ್ಟಿದ ಖಗೋಳ ವಿಜ್ಞಾನಿಗಳಾದ ಕಾರ್ಲ್ ಸಾಗನ್, ಫ್ರ್ಯಾಂಕ್ ಡ್ರೇಕ್ ಮೊದಲಾದವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಶ್ರದ್ಧೆಯಿಂದ ಮಾಡಿದರು. ಹೊದಿಕೆಯ ಮೇಲೆ ಒಂದು ಚುಕ್ಕೆಯಷ್ಟು ಯುರೇನಿಯಂ ಲೇಪಿಸಿದ್ದಾರೆ. ಅದು ಎಷ್ಟು ಕರಗಿದೆ ಎಂದು ನೋಡಿ ಸಿಕ್ಕವರು ತಟ್ಟೆಯ ವಯಸ್ಸು ಲೆಕ್ಕ ಹಾಕಲಿ ಎಂದು. ಲಯ ತಪ್ಪದೆ ಮಿಡಿಯುವ 14 ನಕ್ಷತ್ರಗಳನ್ನು, ಅಂದರೆ ಪಲ್ಸಾರ್‌ಗಳನ್ನು, ಗುರುತಿಟ್ಟು ನಮ್ಮ ಸೂರ್ಯನ ವಿಳಾಸ ಬರೆದಿದ್ದಾರೆ. ಈ ಪಲ್ಸಾರ್‌ಗಳ ಕಥೆಯೂ ಸೊಗಸಾಗಿದೆ. 1967ರಲ್ಲಿ ಕೇಂಬ್ರಿಡ್ಜಿನ ಜೋಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿಗೆ 1.33 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ರೇಡಿಯೊ ಸದ್ದು ಸಿಕ್ಕಿತು. ಅನ್ಯಲೋಕದವರ ಸಂಕೇತವೋ ಏನೋ ಎಂದು ಅರ್ಧ ತಮಾಷೆಗೆ "ಪುಟ್ಟ ಹಸಿರು ಮನುಷ್ಯರು" ಎಂದು ಅದಕ್ಕೆ ಅಡ್ಡಹೆಸರಿಟ್ಟರು. ಅದು ಸತ್ತ ನಕ್ಷತ್ರದ ಗಿರಕಿ ಎಂದು ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ, ಅನ್ಯರಿಗೆ ನಮ್ಮ ಮನೆಯ ದಾರಿ ಹೇಳಲು ಅದೇ ಪಲ್ಸಾರ್‌ಗಳು ಕೈಗಂಬಗಳಾದವು.

"ಹಾಗಾದರೆ ಅನ್ಯಲೋಕದವರು ಇದ್ದಾರೆಯೇ, ಇಲ್ಲವೇ? ನಿನ್ನ ಅಭಿಪ್ರಾಯ ಹೇಳು" ಎಂದು ಗೆಳೆಯನೊಬ್ಬ ಕಾಡುತ್ತಿದ್ದಾನೆ. ಹೇಳುತ್ತೇನೆ. ಜೀವ ಇರಬಹುದು, ಬೇಕಾದಷ್ಟು ಕಡೆ ಇರಬಹುದು. ಭೂಮಿ ತಣ್ಣಗಾಗಿ ನೂರು ಕೋಟಿ ವರ್ಷ ತುಂಬುವ ಮೊದಲೇ ಇಲ್ಲಿ ಜೀವ ಕಾಣಿಸಿಕೊಂಡಿದೆ. ಅಷ್ಟು ಬೇಗ ಆದದ್ದು ಅಷ್ಟೇನೂ ದುರ್ಲಭವಾಗಿರಲಾರದು. ಆದರೆ ಆಮೇಲೆ ಇನ್ನೂರು, ಮುನ್ನೂರು ಕೋಟಿ ವರ್ಷ ಅದು ಪಾಚಿಯಂತೆ, ಕೆಸರಿನ ಪದರದಂತೆ ಸುಮ್ಮನೆ ಕುಳಿತಿತ್ತು. ಡೈನೊಸಾರ್‌ಗಳು ಹದಿನೈದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬಾಳಿ ಒಂದು ರೇಡಿಯೊ ಕಟ್ಟಲಿಲ್ಲ. ನಾವು ಕಟ್ಟಿ ನೂರ ಮೂವತ್ತು ವರ್ಷ ಆಗಿರಬಹುದು. ನಮ್ಮ ಮೊದಲ ರೇಡಿಯೊ ಅಲೆ ಹರಡಿರುವ ಗೋಲವನ್ನು ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ಆಕಾಶಗಂಗೆಯ ಪಕ್ಕದಲ್ಲಿಡಿ: ಊಟದ ತಟ್ಟೆಯ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕ ಚುಕ್ಕೆ. ಹೀಗಿರುವಾಗ, ಇದ್ದರೆ ಯಾಕೆ ಬಂದಿಲ್ಲ, ಎಲ್ಲಿ ಅವರು ಎಂದು 1950ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನ ಊಟದ ಮೇಜಿನಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಕೇಳಿದ ಪ್ರಶ್ನೆ ನನಗೆ ಸ್ವಲ್ಪ ಅವಸರದ್ದು ಎನಿಸುತ್ತದೆ. ಅಮೆರಿಕದ ಖಗೋಳ ವಿಜ್ಞಾನಿ ಜೇಸನ್ ರೈಟ್ ಮತ್ತು ಸಂಗಡಿಗರು 2018ರಲ್ಲಿ ಒಂದು ಲೆಕ್ಕ ಹಾಕಿದರು. ಹುಡುಕಬೇಕಾದದ್ದು ಭೂಮಿಯ ಸಮುದ್ರಗಳಷ್ಟು ಎಂದುಕೊಂಡರೆ ಇಲ್ಲಿಯವರೆಗೆ ಹುಡುಕಿರುವುದು ಒಂದು ಸಣ್ಣ ಈಜುಕೊಳದಷ್ಟು ನೀರು. ಅದರಲ್ಲಿ ಮೀನಿಲ್ಲವೆಂದು ಸಮುದ್ರವೇ ಬರಿದು ಎನ್ನುವುದು ಹೇಗೆ?

ದೂರಕ್ಕಿಂತ ಹೆಚ್ಚು ಕಾಡುವುದು ಕಾಲ. ಆಕಾಶಗಂಗೆಯಲ್ಲಿ ಇಂತಹ ನಾಗರಿಕತೆಗಳು ಎಷ್ಟಿರಬಹುದು ಎಂದು ಅಂದಾಜು ಮಾಡಲು ಡ್ರೇಕ್ 1961ರಲ್ಲಿ ಬರೆದ ಸೂತ್ರದ ಕೊನೆಯ ಅಂಶವೂ ಅದೇ: ಸಂಕೇತ ಕಳುಹಿಸಬಲ್ಲ ನಾಗರಿಕತೆ ಎಷ್ಟು ವರ್ಷ ಬಾಳುತ್ತದೆ? ಉಳಿದ ಅಂಶಗಳಿಗೆ ಜಾತಕ ಕೂಡಿಸಿದಂತೆ ಏನಾದರೂ ತುಂಬಬಹುದು, ಇದೊಂದಕ್ಕೆ ಕೈ ನಡುಗುತ್ತದೆ. ಅವರು ಮಾತನಾಡಿದಾಗ ಇಲ್ಲಿ ಪಾಚಿ ಇತ್ತು. ನಾವು ಕಿವಿ ತೆರೆದಾಗ ಅಲ್ಲಿ ಯಾರೂ ಉಳಿದಿಲ್ಲ. ಹೀಗಾಗಿರಲೂಬಹುದು. ವಾಯೇಜರ್-2 ಹಾರುವುದಕ್ಕೆ ಐದೇ ದಿನ ಮೊದಲು, 1977ರ ಆಗಸ್ಟ್ 15ರಂದು, ಒಹಾಯೊದ ರೇಡಿಯೊ ದೂರದರ್ಶಕಕ್ಕೆ 72 ಸೆಕೆಂಡುಗಳ ಒಂದು ಬಲವಾದ ಸಂಕೇತ ಸಿಕ್ಕಿತ್ತು. ಜೆರಿ ಎಮನ್ ಎಂಬುವರು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ವಾವ್!" ಎಂದು ಗೀಚಿದರು. ಎಷ್ಟು ಕಾದರೂ ಅದು ಮತ್ತೆ ಬರಲಿಲ್ಲ.

2025ರ ಏಪ್ರಿಲ್‌ನಲ್ಲಿ 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದ ಸುದ್ದಿ ಬಂದಾಗ ನಮ್ಮ ಟಿವಿಗಳು "ಅನ್ಯಗ್ರಹದಲ್ಲಿ ಜೀವಿ ಪತ್ತೆ" ಎಂದು ಕೂಗಿದ್ದು ನೆನಪಿದೆಯೇ? ಕೇಂಬ್ರಿಡ್ಜಿನ ನಿಕ್ಕು ಮಧುಸೂದನ್ ತಂಡ ಹೇಳಿದ್ದು ಅದನ್ನಲ್ಲ. ಭೂಮಿಯಲ್ಲಿ ಸಮುದ್ರದ ಸೂಕ್ಷ್ಮಜೀವಿಗಳು ಹೊರಬಿಡುವಂತಹ ಒಂದು ಅನಿಲದ ಸುಳಿವು ಕಂಡಿದೆ, ಖಚಿತವಾಗಲು ಇನ್ನಷ್ಟು ನೋಡಬೇಕು ಎಂದಷ್ಟೇ. ಬೇರೆ ತಂಡಗಳು ಅದೇ ಅಂಕಿಗಳನ್ನು ಜಾಲಾಡಿ, ಆ ಸುಳಿವೂ ಗಟ್ಟಿಯಾಗಿಲ್ಲ ಎಂದವು. ವಿಜ್ಞಾನ ನಡೆಯಬೇಕಾದದ್ದು ಹಾಗೆಯೇ. ನಡೆಯಬಾರದ ಹಾಗೆ ನಡೆದದ್ದು ಸುದ್ದಿ.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಮೊನ್ನೆ ಒಂದು ವಿಡಿಯೊ ಬಂತು. ಹೊಯ್ಸಳರ ಗುಡಿಗಳ ಕಂಬಗಳನ್ನು ತೋರಿಸಿ, "ಇಂತಹ ನುಣುಪು ಮನುಷ್ಯರ ಕೈಯಿಂದ ಸಾಧ್ಯವಿಲ್ಲ, ಇದು ಅನ್ಯಲೋಕದ ತಂತ್ರಜ್ಞಾನ" ಎಂದು ಗಂಭೀರ ಸಂಗೀತದೊಂದಿಗೆ ಹೇಳುವ ವಿಡಿಯೊ. ಹನ್ನೊಂದು ಮಂದಿ ಕೈಮುಗಿದ ಚಿಹ್ನೆ ಹಾಕಿದ್ದರು. ನನಗೆ ಮೈ ಉರಿಯಿತು. ಈ ಗುಡಿಗಳ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಕಂಬಗಳನ್ನು ತಿರುಗಿಸಿ ಕಡೆದರು. ಇದರಲ್ಲಿ ಗುಟ್ಟೇನೂ ಇಲ್ಲ, ತಲೆತಲಾಂತರದ ಕಸುಬು ಇದೆ.

ಆಮೇಲೆ ಬಂದ ಭಾನುವಾರ ಅಮ್ಮನನ್ನೂ ಕರೆದುಕೊಂಡು ಬೇಲೂರಿಗೆ ಹೋದೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಜನರೆಲ್ಲ ಮದನಿಕೆಯರ ಕೈಕನ್ನಡಿ, ಕಾಲ್ಗೆಜ್ಜೆ ನೋಡುತ್ತಾರೆ, ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಕಣ್ಣನ್ನು ಸ್ವಲ್ಪ ಕೆಳಗಿಳಿಸಿದರೆ ಕೆಲವು ಪೀಠಗಳ ಮೇಲೆ ಅಕ್ಷರಗಳಿವೆ. ಉರುಟುರುಟಾದ ಹಳೆಯ ಕನ್ನಡ ಲಿಪಿ. ಕಡೆದವರ ಹೆಸರು! ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಎಷ್ಟೋ ಮಂದಿ. ಕೆಲವರು ಹೆಸರಿನ ಜೊತೆ ಬಿರುದನ್ನೂ ಕೊರೆದಿದ್ದಾರೆ. ಎದುರಾಳಿ ಶಿಲ್ಪಿಗಳೆಂಬ ಮನ್ಮಥರಿಗೆ ತಾನು ಮಹೇಶ್ವರ ಎಂಬ ಧಾಟಿಯಲ್ಲಿ. ಕಸುಬಿನ ಹೆಮ್ಮೆ, ಸ್ವಲ್ಪ ಜಂಬ, ಪಕ್ಕದ ಕಂಬದವನ ಮೇಲೆ ಹೊಟ್ಟೆಕಿಚ್ಚು. ಇಷ್ಟು ಅಪ್ಪಟ ಮನುಷ್ಯರ ಸಹಿ ಇರುವ ಕೆಲಸವನ್ನು ನಾವು ಬೇರೆ ಲೋಕದವರ ಖಾತೆಗೆ ಜಮಾ ಮಾಡುತ್ತಿದ್ದೇವೆ.

ಅದೇ ತಾಲ್ಲೂಕಿನಲ್ಲಿ ಹಲ್ಮಿಡಿ ಇದೆ. ಅಲ್ಲಿ ಸಿಕ್ಕ ಶಾಸನ ಐದನೆಯ ಶತಮಾನದ್ದು. ಈಗ ಊರಿನಲ್ಲಿರುವುದು ಪ್ರತಿಕೃತಿ. ಮುಂದೆ ನಿಂತು ಓದಲು ನೋಡಿದೆ. ಲಿಪಿ ಬಿಡಿ, ಯಾರಾದರೂ ಓದಿ ಹೇಳಿದರೂ ಅರ್ಥವಾಗುವುದು ಅಲ್ಲೊಂದು ಇಲ್ಲೊಂದು ಪದ. ಒಂದೂವರೆ ಸಾವಿರ ವರ್ಷಕ್ಕೇ ನನ್ನ ಭಾಷೆ ನನಗೆ ಇಷ್ಟು ದೂರ ಹೋಗಿದೆ. ಇನ್ನು ಆ ತಟ್ಟೆ ಗ್ಲೀಸ್ 445ರ ಬಳಿ ಹಾಯುವಾಗ, 40,000 ವರ್ಷದ ನಂತರ, "ಕನ್ನಡಿಗರ ಪರವಾಗಿ" ಎಂದರೆ ಏನೆಂದು ಭೂಮಿಯ ಮೇಲೆ ಯಾರಿಗೆ ತಿಳಿದಿರುತ್ತದೆ? ಆಗ ಇಲ್ಲಿರುವವರಿಗೂ ಅಲ್ಲಿರುವವರಿಗೂ ನಮ್ಮ ಲೆಕ್ಕದಲ್ಲಿ ವ್ಯತ್ಯಾಸವೇ ಇರಲಾರದು. ಇಬ್ಬರೂ ನಮಗೆ ಅನ್ಯರೇ.

ಇನ್ನೊಂದು ಲೆಕ್ಕ ಹಾಕಿಕೊಳ್ಳಿ. ಒಂಬೈನೂರು ಜ್ಯೋತಿರ್ವರ್ಷ ದೂರದಲ್ಲಿ ಯಾರೋ ಒಬ್ಬರು ಅಸಾಧ್ಯ ದೊಡ್ಡ ದೂರದರ್ಶಕ ಹಿಡಿದು ಈ ಕ್ಷಣ ನಮ್ಮನ್ನು ನೋಡುತ್ತಿದ್ದಾರೆ ಎನ್ನೋಣ. ಅವರ ಕಣ್ಣಿಗೆ ಬೀಳುವುದು ನನ್ನ ಮೊಬೈಲಲ್ಲ, ಬೆಂಗಳೂರಿನ ಟ್ರಾಫಿಕ್ಕೂ ಅಲ್ಲ. ಹೆಚ್ಚು ಕಡಿಮೆ ದಾಸೋಜನ ಕಾಲದ ಬೆಳಕು ಈಗಷ್ಟೇ ಅಲ್ಲಿಗೆ ತಲುಪುತ್ತಿದೆ. ಬೇಲೂರನ್ನು ಕಟ್ಟಿದವರು ಯಾರು ಎಂದು ಅವರನ್ನು ಕೇಳಿದರೆ ನಮ್ಮ ಗುಂಪಿನ ಹನ್ನೊಂದು ಮಂದಿಗಿಂತ ಸರಿಯಾದ ಉತ್ತರ ಕೊಟ್ಟಾರು.

"ಇಷ್ಟು ದೊಡ್ಡ ಬ್ರಹ್ಮಾಂಡದಲ್ಲಿ ಹುಲುಮಾನವರಾದ ನಾವು ಯಾವ ಲೆಕ್ಕ?" ಎಂಬ ಮಾತು ಈ ವಿಷಯ ಬಂದಾಗಲೆಲ್ಲ ಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಗಾತ್ರವೇ ಲೆಕ್ಕವಾದರೆ ಗುರು ಗ್ರಹಕ್ಕೆ ಅಡ್ಡ ಬೀಳಬೇಕು. ವಿನಯದಂತೆ ಕಾಣುವ ಈ ಮಾತಿನ ಒಳಗೆ ಸೋಮಾರಿತನ ಕುಳಿತಿರುತ್ತದೆ: ನಾವು ಧೂಳು, ಆದ್ದರಿಂದ ಏನನ್ನೂ ತಿಳಿಯುವ ಗೋಜು ಬೇಡ, ಅದ್ಭುತವಾದದ್ದೇನಾದರೂ ಕಂಡರೆ ಬೇರೆ ಲೋಕದವರು ಮಾಡಿದರು ಎಂದರಾಯಿತು.

2023ರ ನವೆಂಬರಿನಲ್ಲಿ ವಾಯೇಜರ್-1 ಅರ್ಥವಿಲ್ಲದ ಅಂಕಿಗಳನ್ನು ಕಳುಹಿಸತೊಡಗಿತು. ಎರಡು ಎಲ್‌ಇಡಿ ದೀಪಗಳಷ್ಟು ವಿದ್ಯುತ್ತಿನಲ್ಲಿ ಅಷ್ಟು ದೂರದಿಂದ ಮಾತನಾಡುವ ಯಂತ್ರ. ಮುಪ್ಪಾಯಿತು, ಮುಗಿಯಿತು ಎಂದೇ ನಾನು ಅಂದುಕೊಂಡಿದ್ದೆ. ಎಂಜಿನಿಯರುಗಳು ಬಿಡಲಿಲ್ಲ. ಎಷ್ಟೋ ದಶಕಗಳ ಹಿಂದೆ ಬೇರೆಯವರು ಬರೆದಿಟ್ಟ ಕಾಗದಗಳನ್ನು ಹೊರತೆಗೆದು ಓದಿದರು. ಸ್ಮೃತಿಯ ಒಂದು ಚಿಪ್ ಕೆಟ್ಟಿದೆ ಎಂದು ಪತ್ತೆ ಹಚ್ಚಿ, ಅಲ್ಲಿದ್ದ ಆಜ್ಞೆಗಳನ್ನು ತುಂಡು ಮಾಡಿ ಬೇರೆ ಮೂಲೆಗಳಿಗೆ ಸಾಗಿಸುವ ದಾರಿ ಕಂಡುಕೊಂಡರು. ಹೇಳಿದ್ದು ಅಲ್ಲಿಗೆ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. 2024ರ ಏಪ್ರಿಲ್ 20ರಂದು ಅದು ಮತ್ತೆ ಸರಿಯಾಗಿ ಮಾತನಾಡಿತು. ಯಾರೋ ಬರೆದದ್ದನ್ನು ಯಾರೋ ತಾಳ್ಮೆಯಿಂದ ಓದಿದ್ದರಿಂದ.

ಬೇಲೂರಿನಲ್ಲಿ ನಾನು ತೆಗೆದ ಒಂದು ಚಿತ್ರವನ್ನು ಕೆಳಗೆ ಹಾಕಿದ್ದೇನೆ. ಪೀಠದ ಬಲಭಾಗಕ್ಕೆ ಮಧ್ಯಾಹ್ನದ ಬಿಸಿಲು ಓರೆಯಾಗಿ ಬಿದ್ದಿದ್ದರಿಂದ ಅಕ್ಷರಗಳು ಚೆನ್ನಾಗಿಯೇ ಮೂಡಿವೆ. ಮೊದಲ ಎರಡನ್ನು ಹೇಗೋ ಕೂಡಿಸಿಕೊಂಡೆ, ಮುಂದಿನದು ನನಗೆ ಬಿಡಿಸಲಾಗಲಿಲ್ಲ. ಹಳೆಯ ಲಿಪಿ ಬಲ್ಲವರು ಯಾರಾದರೂ ಇದ್ದರೆ ಓದಿ ಹೇಳಿ. ಅಮ್ಮ ದಿನಕ್ಕೆರಡು ಸಲ ಕೇಳುತ್ತಿದ್ದಾರೆ, ಅವನ ಹೆಸರು ಏನಾಯಿತು ಎಂದು.