ಮುಟ್ಟದಿದ್ದರೆ ಮಾತ್ರ ಲಾಭ ಕೊಡುವ ವಿಮೆ

ಬೆಂಗಳೂರಿನಲ್ಲಿ ಕಾರಿಗೆ ಗೀರು ಬಿದ್ದರೆ ಅದು ಸುದ್ದಿಯೇ ಅಲ್ಲ. ಆಟೋ ಸವರಿಕೊಂಡು ಹೋಗುತ್ತೆ, ಹಿಂದಿನ ಬೈಕು ಬಂಪರ್‌ಗೆ ಮುತ್ತಿಡುತ್ತೆ, ಬೇಸ್‌ಮೆಂಟಿನ ಕಂಬ ತಾನಾಗೇ ಎದ್ದು ಬಂದು ಬಾಗಿಲಿಗೆ ಒರಗುತ್ತೆ. ಕಷ್ಟ ಶುರುವಾಗೋದು ಆಮೇಲೆ. ಗ್ಯಾರೇಜಿನವರು ಕೇಳುವ ಮೊದಲ ಪ್ರಶ್ನೆ ಏಟು ಎಲ್ಲಿ ಬಿತ್ತು ಅಂತಲ್ಲ. "ಕ್ಲೇಮಾ, ಕ್ಯಾಷಾ ಸಾರ್?"

ಇದೇನು ಪ್ರಶ್ನೆ, ವರ್ಷಾ ವರ್ಷ ದುಡ್ಡು ಕಟ್ಟಿದ್ದೀನಲ್ಲ, ಕ್ಲೇಮೇ ಮಾಡಿ ಅಂತೀರಾ? ಸ್ವಲ್ಪ ತಡೆಯಿರಿ. ನಿಮಗೆ ನೋ ಕ್ಲೇಮ್ ಬೋನಸ್ ಅನ್ನೋದಿದೆ. ಏನೂ ಕೇಳದೆ ಒಂದು ವರ್ಷ ಸುಮ್ನಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ, ಅಂದರೆ ನಿಮ್ಮದೇ ಕಾರಿನ ಹಾನಿಗೆಂದು ಕಟ್ಟುವ ಕಂತಿನಲ್ಲಿ, ಶೇ. 20 ರಿಯಾಯಿತಿ. ಹಾಗೇ 25, 35, 45 ಅಂತ ಏರಿ ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ಶೇ. 50. ಒಂದು ಸಲ ಬಾಯಿ ಬಿಟ್ಟಿರೋ, ಮತ್ತೆ ಸೊನ್ನೆ.

ಲೆಕ್ಕ ಹಾಕೋಣ. ಬಂಪರ್‌ಗೆ 4,000, ಬಣ್ಣಕ್ಕೆ 1,000, ಕೂಲಿ 2,000, ಒಟ್ಟು 7,000 ರೂಪಾಯಿ ಅಂತಿಟ್ಟುಕೊಳ್ಳಿ. ಜಿಎಸ್‌ಟಿ ಸದ್ಯಕ್ಕೆ ಬಿಡಿ, ಅದು ಹೇಗಿದ್ದರೂ ಬಂದೇ ಬರುತ್ತೆ. ಪ್ಲಾಸ್ಟಿಕ್ಕಿಗೆ ಶೇ. 50 ಸವಕಳಿ (ಹಳತಾಯಿತು ಅಂತ ವಿಮೆಯವರು ಕಳೆಯೋದು), ಅಂದರೆ ಬಂಪರಿನಲ್ಲಿ 2,000 ಹೋಯಿತು. ಶೋರೂಮಿನ ಗೇಟು ದಾಟಿದ ದಿನವೇ ಗುದ್ದಿಸಿಕೊಂಡರೂ ಬಂಪರ್ ಅಷ್ಟರಲ್ಲೇ ಅರ್ಧ ಸವೆದಿರುತ್ತೆ. ಬಣ್ಣಕ್ಕೂ ಅರ್ಧ, 500 ಹೋಯಿತು. ಗಾಜಿಗೆ ಮಾತ್ರ ಸವಕಳಿಯೇ ಇಲ್ಲ, ನಮ್ಮ ಹೀರೋಗಳ ಹಾಗೆ ಅದಕ್ಕೆ ವಯಸ್ಸೇ ಆಗೋದಿಲ್ಲ. ಇನ್ನು ಕಡ್ಡಾಯವಾಗಿ ನೀವೇ ಹೊರಬೇಕಾದ 1,000. ಇಂಜಿನ್ 1500 ಸಿಸಿ ಮೀರಿದ್ದರೆ 2,000. ಚಿಕ್ಕ ಕಾರೇ ಅಂದುಕೊಂಡರೂ ಕೈಗೆ ಬರೋದು 3,500.

ಕಳ್ಕೊಳ್ಳೋದು ಎಷ್ಟು? ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ ಕಳೆಯುವ ಮುಂಚೆ 8,000 ಇದೆ, ಬೋನಸ್ ಶೇ. 50 ತಲುಪಿದೆ ಅನ್ನೋಣ. ಮುಂದಿನ ವರ್ಷ 4,000 ಜಾಸ್ತಿ ಕಟ್ಟಬೇಕು, ಆಮೇಲೆ ಬೋನಸ್ ಮತ್ತೆ ಮೆಟ್ಟಿಲು ಹತ್ತಿದಂತೆ 2,400, 2,000, 1,200, 400. ಕೂಡಿಸಿದರೆ ಹತ್ತು ಸಾವಿರ! ಮೂರೂವರೆ ಸಾವಿರದ ಉಪಕಾರಕ್ಕೆ ಐದು ವರ್ಷದ ಕಂತು.

ಸವಕಳಿ ಬೇಡ ಅನ್ನೋರಿಗೆ ಝೀರೋ ಡೆಪ್ ಅನ್ನೋ ಆಡ್-ಆನ್, ಅಂದರೆ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ ಇದೆ, ಅದಕ್ಕೆ ಬೇರೆ ದುಡ್ಡು. ಬೋನಸ್ ಹೋಗದಂತೆ ಕಾಯಲು ಇನ್ನೊಂದು ಆಡ್-ಆನ್, ಅದಕ್ಕೂ ದುಡ್ಡು. ಕಾರಿಗೆ ವಿಮೆ, ವಿಮೆಯ ಬೋನಸ್ಸಿಗೂ ವಿಮೆ. ಆ ಆಡ್-ಆನ್‌ಗೂ ಒಂದು ಆಡ್-ಆನ್ ಯಾಕಿನ್ನೂ ಬಂದಿಲ್ಲ ಅನ್ನೋದೇ ನನಗೆ ಆಶ್ಚರ್ಯ.

ಇಷ್ಟಾದರೂ ಕ್ಲೇಮ್ ಮಾಡುವ ಧೈರ್ಯಶಾಲಿಗಳಿದ್ದಾರೆ. ಅವರು ಗೀರುಗಳನ್ನು ಕೂಡಿಡುತ್ತಾರೆ. ಎಡಬಾಗಿಲಿನದು ಯುಗಾದಿಯದ್ದು, ಹಿಂದಿನ ಬಂಪರಿನದು ದಸರಾ ಟ್ರಾಫಿಕ್ಕಿನದ್ದು. ಒಂದು ಘಟನೆಗೆ ಒಂದು ಕ್ಲೇಮ್ ಅನ್ನೋ ನಿಯಮ ಇರೋದರಿಂದ ಎಲ್ಲವನ್ನೂ ಒಂದೇ ಕಥೆಗೆ ಸೇರಿಸಬೇಕು. ಆಗ ಗ್ಯಾರೇಜಿನಲ್ಲಿ ಒಬ್ಬ ಕಥೆಗಾರ ಹುಟ್ಟುತ್ತಾನೆ. "ನಾಯಿ ಅಡ್ಡ ಬಂತು ಅಂತ ಬರೀರಿ ಸಾರ್. ಎಡಕ್ಕೆ ತಿರುಗಿಸಿದ್ರಿ, ಕಂಬಕ್ಕೆ ತಾಗಿತು. ಗಾಬರಿಯಲ್ಲಿ ರಿವರ್ಸ್ ತಗೊಂಡ್ರಿ, ಗೋಡೆಗೆ ತಾಗಿತು." ಹಾಗೆ ಬರೆದುಕೊಟ್ಟರೆ ಅದಕ್ಕೆ ವಂಚನೆ ಅನ್ನುತ್ತಾರೆ, ಸಿಕ್ಕಿಬಿದ್ದರೆ ಪೂರ್ತಿ ಕ್ಲೇಮೇ ತಿರಸ್ಕಾರ. ಪಾಪ, ಆ ನಾಯಿಗೆ ಇದ್ಯಾವುದೂ ಗೊತ್ತಿಲ್ಲ.

ಹಾಗಾಗಿ ಜಾಣರು ಸೀದಾ ಕಾರಿನ ಸಾಮಾನು ಸಿಗುವ ಜೆ.ಸಿ. ರಸ್ತೆಗೆ ಹೋಗಿ ಒಂದು ಹಳದಿ-ಕೆಂಪು ಬಾವುಟದ ಸ್ಟಿಕ್ಕರ್ ತಂದು ಗೀರಿನ ಮೇಲೆ ಅಂಟಿಸುತ್ತಾರೆ. ಹಾನಿ ಅಳೆಯಲು ಬರುವ ಸರ್ವೇಯರ್ ಬೇಡ, ಸವಕಳಿ ಇಲ್ಲ, ಬೋನಸ್ಸೂ ಭದ್ರ. ನಮ್ಮ ಊರಿನ ಕಾರುಗಳಲ್ಲಿ ಕನ್ನಡಾಭಿಮಾನ ಹಿಂದಿನ ಬಂಪರಿನ ಎಡಮೂಲೆಯಲ್ಲೇ ಯಾಕೆ ಇಷ್ಟೊಂದು ಉಕ್ಕುತ್ತೆ ಅಂತ ಈಗ ಗೊತ್ತಾಯಿತಲ್ವಾ?